ಅಪ್‌ಡೇಟ್: ಮಗ ಕೊನೆಗೂ ಕಥೆ ಪುಸ್ತಕ ಹಿಡಿದ

ಮೂರನೇ ಕ್ಲಾಸಿನ ಮಗ ಪಠ್ಯಪುಸ್ತಕ ಬಿಟ್ಟು ಬೇರೇನೂ ಓದುವುದಿಲ್ಲ, ಏನು ಮಾಡಲಿ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಮಾಡಿದ್ದು, ಓದಿದ ಮೇಲೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದು. ‘ಕಥೆಯ ನೀತಿ ಏನು ಹೇಳು’ ಅಂತ ಪೀಡಿಸುತ್ತಿದ್ದವಳು ನಾನೇ! ಪಾಪ, ಓಡಿಹೋಗದೆ ಇನ್ನೇನು ಮಾಡುತ್ತಾನೆ.

ಒಬ್ಬರು ಹೇಳಿದ್ದ, ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್ ನೋಡಿದೆ. ಕನ್ನಡ ಕಥೆಗಳು ಉಚಿತ, 1ರಿಂದ 4ರವರೆಗೆ ಹಂತಗಳಿವೆ. ಮೂರನೇ ಕ್ಲಾಸ್ ಅಲ್ವಾ ಅಂತ 3ನೇ ಹಂತದ್ದು ಕೊಟ್ಟೆ. ಎರಡೇ ಪುಟಕ್ಕೆ ಆಕಳಿಸಿದ. ಹಂತ ಅಂದರೆ ಕ್ಲಾಸ್ ಅಲ್ಲ ಅಂತ ಆಮೇಲೆ ಹೊಳೆಯಿತು. 1ನೇ ಹಂತಕ್ಕೆ ಇಳಿದೆವು. ದೊಡ್ಡ ಚಿತ್ರ, ಪುಟಕ್ಕೆ ಒಂದೆರಡು ಸಾಲು. ಈಗ ತಂಗಿಗೆ ತಾನೇ ಓದಿ ಹೇಳುತ್ತಾನೆ. ಕಷ್ಟದ ಒತ್ತಕ್ಷರ ಬಂದರೆ ಏನೋ ಗೊಣಗಿ ದಾಟಿಬಿಡುತ್ತಾನೆ. ನಾನು ಸುಮ್ನೆ ಇರುತ್ತೇನೆ.

ಮೊಬೈಲ್ ಬೇಡ ಅನ್ನಿಸಿ ಕೆಲವು ಕಥೆ ಪ್ರಿಂಟ್ ತೆಗೆಸಿದೆ. ಮುಂದಿನದನ್ನು ಅವನೇ ಓದಲಿ ಅಂತ ರಾತ್ರಿ ಓದಿ ಹೇಳುತ್ತಾ ಅರ್ಧಕ್ಕೆ ನಿಲ್ಲಿಸುವ ಉಪಾಯ ಮಾತ್ರ ನಡೆಯಲಿಲ್ಲ, ಜಗಳವೇ ಜಾಸ್ತಿ ಆಯಿತು. ಟಿವಿ ಇನ್ನೂ ಗೆಲ್ಲುತ್ತಿದೆ. ಆದರೆ ನಿನ್ನೆ ಊಟಕ್ಕೆ ಕರೆದರೆ ‘ಇರಮ್ಮಾ, ಇನ್ನೊಂದೇ ಪುಟ’ ಅಂದ.