ದಾಸವಾಳ: ಗಿಡವೋ, ಪೊದೆಯೋ, ಕಂಟಿಯೋ?

ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳ ಸಂಘಕ್ಕೆ ದಾಸವಾಳ ಬೆಳೆಸುವ ಬಗ್ಗೆ ಒಂದು ಹಾಳೆಯಷ್ಟು ಮಾಹಿತಿ ಬರೆಯುತ್ತಿದ್ದೇನೆ. ಮೊದಲ ಸಾಲಿಗೇ ತಕರಾರು. ‘ದಾಸವಾಳ ಒಂದು ಪೊದೆಸಸ್ಯ’ ಎಂದರೆ ಶಾಲೆಯ ಪಾಠ ಒಪ್ಪಿಸಿದ ಹಾಗಾಗುತ್ತದೆ, ಇಲ್ಲಿ ಯಾರ ಬಾಯಲ್ಲೂ ಪೊದೆ ಇಲ್ಲ. ಗಿಡ ಎನ್ನೋಣವೆಂದರೆ ನಮ್ಮ ಕಡೆ ಬೇವೂ ಗಿಡ, ಹುಣಸೆಯೂ ಗಿಡ, ಊರ ಮುಂದಿನ ಆಲವೂ ಗಿಡವೇ. ಮರ ಅಂದರೆ ಜೋಳ ಹಸನು ಮಾಡುವ ಮೊರ!

ಮಾತಿನಲ್ಲಿ ಬಳಕೆಯಲ್ಲಿರುವುದು ‘ಕಂಟಿ’. ಮಲ್ಲಿಗಿ ಕಂಟಿ, ಗುಲಾಬಿ ಕಂಟಿ, ದಾಸಾಳ ಕಂಟಿ. ಬರಹಕ್ಕೆ ಇದನ್ನು ತರಬಹುದೇ ಎಂಬುದು ನನ್ನ ಪ್ರಶ್ನೆ. ಕರಡು ಓದಿದ ಗೆಳೆಯರೊಬ್ಬರು ಕಂಟಿ ಎಂದರೆ ಮುಳ್ಳಿನದು, ಜಾಲಿ ಕಂಟಿ, ಬೇಲಿ ಕಂಟಿ, ಪೂಜೆಯ ಹೂವಿಗೆ ಈ ಪದ ಯಾಕೆ ಎಂದರು. ನನಗೆ ಹಾಗನಿಸುವುದಿಲ್ಲ. ಮಲ್ಲಿಗೆಗೆ ಮುಳ್ಳೆಲ್ಲಿದೆ? ಇನ್ನೊಂದು ಕಡೆ ಪಲ್ಯಕ್ಕೆ ಹಾಕುವ ಪುಂಡಿ ನೋಡಿ. ಅದು ದಾಸವಾಳದ ಕುಲದ್ದೇ, ಎರಡೂ ಹಿಬಿಸ್ಕಸ್. ಪುಂಡಿಯ ದಂಟಿನ ಮೇಲೆ ಸಣ್ಣ ಸಣ್ಣ ಮುಳ್ಳು ಇರುತ್ತವೆ, ಆದರೂ ಪುಂಡಿ ಕಂಟಿ ಎಂದವರನ್ನು ನಾನು ಕೇಳಿಲ್ಲ. ಅಂದರೆ ಈಗಿನ ಬಳಕೆಯಲ್ಲಿ ಮುಳ್ಳು ಮುಖ್ಯವಲ್ಲ. ಬುಡದಿಂದಲೇ ಹಲವು ಟೊಂಗೆ ಒಡೆಯಬೇಕು, ಕಟ್ಟಿಗೆಯಾಗಿ ಬಲಿಯಬೇಕು, ವರ್ಷಗಟ್ಟಲೆ ನಿಲ್ಲಬೇಕು. ಒಂದೇ ದಂಟಾಗಿ ಏರಿ ಹಂಗಾಮು ಮುಗಿಸುವ ಪುಂಡಿಗೆ ಇದೊಂದೂ ಇಲ್ಲ.

ಶಿಷ್ಟ ಕನ್ನಡಕ್ಕೆ ಕಂಟಿ ಹೊಸದೂ ಅಲ್ಲ. ‘ಹಾಳುಬಿದ್ದ ಜಾಗದಲ್ಲಿ ಗಿಡಗಂಟಿ ಬೆಳೆದಿವೆ’ ಎಂದು ಪತ್ರಿಕೆಗಳು ಬರೆಯುತ್ತಲೇ ಇವೆ. ಗಿಡ, ಕಂಟಿ ಸೇರಿ ಕಕಾರ ಗಕಾರವಾಗಿದೆ, ಅಷ್ಟೆ. ಜೋಡಿಯಲ್ಲಿ ಒಪ್ಪಿದ್ದನ್ನು ಬಿಡಿಯಾಗಿ ಬಂದರೆ ಗ್ರಾಮ್ಯ ಎನ್ನುವುದು ಯಾವ ನ್ಯಾಯ?

ಇದು ಬರೀ ಪದದ ಹಟವಲ್ಲ, ಕೆಲಸಕ್ಕೂ ನಂಟಿದೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ವರ್ಷಕ್ಕೊಮ್ಮೆ ಸವರದಿದ್ದರೆ ಟೊಂಗೆ ಉದ್ದವಾಗಿ, ತುದಿಯಲ್ಲಷ್ಟೇ ನಾಲ್ಕು ಹೂ. ಗಿಡ ಎಂದರೆ ಕಡಿಯಲು ಕೈ ಬರುವುದಿಲ್ಲ, ಕಂಟಿ ಎಂದರೆ ‘ಸವರು’ ತಾನಾಗಿ ಬಾಯಿಗೆ ಬರುತ್ತದೆ. ಹಾಗಾಗಿ ಹೀಗೆ ಬರೆದಿದ್ದೇನೆ:

“ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಕಂಟಿ ಸವರಿರಿ. ಸವರಿದ್ದರಲ್ಲೇ ಪೆನ್ಸಿಲ್ ದಪ್ಪದ, ತೀರ ಎಳೆಯದೂ ತೀರ ಬಲಿತದ್ದೂ ಅಲ್ಲದ ಟೊಂಗೆ ಆರಿಸಿ ಗೇಣುದ್ದ ಕತ್ತರಿಸಿರಿ. ಕೆಳಗಿನ ಕೊಯ್ತ ಕಣ್ಣಿನ ಸ್ವಲ್ಪ ಕೆಳಗೆ ಬರಲಿ. ತುದಿಯ ಎರಡು ಎಲೆ ಬಿಟ್ಟು ಉಳಿದ ತಪ್ಪಲ ತೆಗೆದು, ಉಸುಕು ಬೆರೆಸಿದ ಮಣ್ಣಿನಲ್ಲಿ ನೆರಳಿಗೆ ಹಚ್ಚಿರಿ. ತಿಂಗಳೊಪ್ಪತ್ತಿನಲ್ಲಿ ಬೇರು ಬರುತ್ತದೆ. ಆಮೇಲೆ ದಿನಕ್ಕೆ 6 ತಾಸು ಬಿಸಿಲು ಬೀಳುವ ಜಾಗಕ್ಕೆ ಸರಿಸಿರಿ. ಎರಿಮಣ್ಣಾದರೆ ಗುಂಡಿಗೆ ಉಸುಕು, ತಿಪ್ಪೆಗೊಬ್ಬರ ಕೂಡಿಸಿರಿ, ಬುಡದಲ್ಲಿ ನೀರು ನಿಲ್ಲಬಾರದು. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ, ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಇದು ಸಾಮಾನ್ಯ.”

‘ಕಣ್ಣು’ ಇರಲಿ ಎಂದು ಗಟ್ಟಿ ಮಾಡಿದ್ದೇನೆ. ಮುಧೋಳ, ಜಮಖಂಡಿಯಲ್ಲಿ ಕಬ್ಬು ಹಚ್ಚುವ ಮನೆಗಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಗೆಣ್ಣು ಎಂದರೆ ಒಮ್ಮೆ ತಡೆದು ನೋಡುತ್ತಾರೆ. ‘ಹಚ್ಚು’ ಕೂಡ ಹಾಗೆಯೇ. ನೆಡು ತಪ್ಪಲ್ಲ, ನಮ್ಮದಲ್ಲ. ಹೂವಿನ ಹೆಸರನ್ನು ಮಾತ್ರ ದಾಸಾಳ ಎನ್ನದೆ ದಾಸವಾಳ ಎಂದೇ ಇಟ್ಟಿದ್ದೇನೆ. ಬೆಳಗಾವಿಯಲ್ಲಿ ಮರಾಠಿಯ ಜಾಸವಂದವೂ ಕನ್ನಡದವರ ಬಾಯಲ್ಲಿ ಓಡಾಡುತ್ತದೆ, ಅಲ್ಲಿಯವರಿಗೂ ಈ ಹಾಳೆ ಹೋಗುವುದರಿಂದ ಎರಡನ್ನೂ ಒಮ್ಮೆ ಕೊಟ್ಟುಬಿಡುತ್ತೇನೆ.

ಇಂಡಿ, ಸಿಂದಗಿ ಕಡೆಯವರು ಹೇಳಿ: ಮುಳ್ಳಿಲ್ಲದ ಯಾವ ಯಾವುದಕ್ಕೆ ನೀವು ಕಂಟಿ ಎನ್ನುತ್ತೀರಿ? ನಂದಿಬಟ್ಟಲು, ಕಣಗಲ ಕಂಟಿಯೋ ಗಿಡವೋ? ಖಾನಾಪುರದ ಮಳೆಸೀಮೆಯಲ್ಲಿ ಇದಕ್ಕೆ ಬೇರೆಯೇ ಪದವಿದ್ದರೆ, ಅದನ್ನು ಬಳಸಿದ ಒಂದು ಪೂರ್ತಿ ವಾಕ್ಯದೊಡನೆ ತಿಳಿಸಿ. ಬಿಡಿ ಪದದಿಂದ ಬಳಕೆ ತಿಳಿಯುವುದಿಲ್ಲ.