ಅಣಬೆ ತಿಂದರೆ ಸಾಕಾ, ಕ್ಯಾಪ್ಸೂಲೇ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಡಯಟೀಷಿಯನ್ ಅಲ್ವಾ, ಅದಕ್ಕೇ ಕೇಳ್ತಿದ್ದೇನೆ. ನನಗೆ ಆಗಾಗ ಹೊಟ್ಟೆ ಉಬ್ಬರ. ಪರಿಚಯದವರೊಬ್ಬರು ಅಣಬೆ ಸಾರದ ಕ್ಯಾಪ್ಸೂಲ್ ತಗೊಳ್ಳಿ ಅಂದರು. ಡಬ್ಬಿ ಮೇಲೆ ‘ಪ್ರಬಲ ಆಂಟಿಆಕ್ಸಿಡೆಂಟ್, ಕರುಳಿಗೆ ರಕ್ಷಣೆ’ ಅಂತ ಬರೆದಿದೆ. ನಿಜಾನಾ?

ಉತ್ತರ: ಪೂರ್ತಿ ಸುಳ್ಳಲ್ಲ. ಆದರೆ ಆ ‘ಪ್ರಬಲ’ ಎಲ್ಲಿಂದ ಬರುತ್ತದೆ ನೋಡಿ. ಲ್ಯಾಬಿನಲ್ಲಿ ಡಿಪಿಪಿಎಚ್ ಅನ್ನುವ ನೇರಳೆ ದ್ರಾವಣಕ್ಕೆ ಅಣಬೆ ಸಾರ ಹಾಕುತ್ತಾರೆ. ನೇರಳೆ ಹೋಗಿ ಹಳದಿಯಾದರೆ ಆಂಟಿಆಕ್ಸಿಡೆಂಟ್ ಇದೆ ಅಂತ ಲೆಕ್ಕ. ಟೀ ಹಾಕಿದರೂ ಹಾಗೇ ಆಗುತ್ತದೆ. ನಮ್ಮ ಹೊಟ್ಟೆ ಗಾಜಿನ ನಳಿಗೆ ಅಲ್ಲವಲ್ಲ!

ಅಣಬೆಯಲ್ಲಿ ನಿಜಕ್ಕೂ ಕುತೂಹಲ ಹುಟ್ಟಿಸುವುದು ಎರ್ಗೋಥಿಯೋನೀನ್ ಎಂಬ ಆಂಟಿಆಕ್ಸಿಡೆಂಟ್. 1909ರಲ್ಲಿ ಇದನ್ನು ಮೊದಲು ಕಂಡಿದ್ದು ಎರ್ಗಾಟ್ ಎಂಬ ಶಿಲೀಂಧ್ರದಲ್ಲಿ, ಹೆಸರು ಬಂದಿದ್ದೂ ಅದರಿಂದಲೇ. ಇದನ್ನು ತಯಾರಿಸುವುದು ಶಿಲೀಂಧ್ರಗಳು ಮತ್ತು ಕೆಲವು ಬ್ಯಾಕ್ಟೀರಿಯಾ ಮಾತ್ರ. ನಮ್ಮ ದೇಹಕ್ಕೆ ಅದನ್ನು ತಯಾರಿಸಲು ಬರುವುದಿಲ್ಲ. ಆದರೂ ಅದನ್ನು ಒಳಗೆ ಸೇರಿಸಿಕೊಳ್ಳಲಿಕ್ಕೆ ಓಸಿಟಿಎನ್1 ಅನ್ನುವ ಪ್ರೋಟೀನು ನಮ್ಮ ಜೀವಕೋಶಗಳಲ್ಲಿದೆ, ಸಣ್ಣ ಕರುಳಿನ ಗೋಡೆಯಲ್ಲೂ ಇದೆ. ಈ ಪ್ರೋಟೀನಿನ ಕೆಲಸ ಇದೇ ಅಂತ ಗೊತ್ತಾಗಿದ್ದು 2005ರಲ್ಲಿ. ತಾನು ಮಾಡಲಾರದ ವಸ್ತುವಿಗೆ ದೇಹ ಸುಮ್ನೆ ಬಾಗಿಲು ಇಟ್ಟುಕೊಂಡಿರಲಾರದು ಅಂತ ನನಗನಿಸುತ್ತದೆ. ಹಾಗಂತ ಕರುಳಿನ ಕಾಯಿಲೆಗೆ ಇದೇ ಮದ್ದು ಅನ್ನುವ ಹಂತಕ್ಕೆ ಯಾರೂ ಬಂದಿಲ್ಲ.

ಇನ್ನು ನಾರು. ಅಣಬೆಯ ಕೋಶದ ಗೋಡೆಯಲ್ಲಿ ಬೀಟಾ-ಗ್ಲೂಕಾನ್ ಎಂಬ ನಾರು ಇರುತ್ತದೆ. ಅದನ್ನು ಜೀರ್ಣಿಸುವ ಕಿಣ್ವ ನಮಗಿಲ್ಲ, ಹಾಗಾಗಿ ದೊಡ್ಡ ಕರುಳಿನವರೆಗೂ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿದಾಗ ಬ್ಯುಟಿರೇಟ್‌ನಂಥ ಆಮ್ಲಗಳು ಸಿಗುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಬ್ಯುಟಿರೇಟೇ ಮುಖ್ಯ ಇಂಧನ. ಕರುಳಿನ ಮಟ್ಟಿಗೆ ನಾನು ಆಂಟಿಆಕ್ಸಿಡೆಂಟ್‌ಗಿಂತ ಈ ನಾರಿಗೇ ಜಾಸ್ತಿ ಬೆಲೆ ಕೊಡುತ್ತೇನೆ.

ಇನ್ನೊಬ್ಬರು: ಬೇಯಿಸಿದರೆ ಎಲ್ಲಾ ಹಾಳಾಗಲ್ವಾ ಮೇಡಂ? ಹಸಿಯಾಗೇ ತಿನ್ನಬೇಕಾ?

ಉತ್ತರ: ಬೇಡ, ಬೇಯಿಸಿಯೇ ತಿನ್ನಿ. ಎರ್ಗೋಥಿಯೋನೀನ್ ಬಿಸಿಗೆ ಜಗ್ಗುವುದಿಲ್ಲ. ಆದರೆ ನೀರಿನಲ್ಲಿ ಕರಗುತ್ತದೆ. ಅಣಬೆಯನ್ನು ಬಾಣಲೆಗೆ ಹಾಕಿದ ಸ್ವಲ್ಪ ಹೊತ್ತಿಗೆ ಕಂದು ನೀರು ಬಿಟ್ಟುಕೊಂಡು, ಚೂರುಗಳು ಅದರಲ್ಲೇ ತೇಲುತ್ತವಲ್ಲ? ಸುಮಾರು ಜನ ಅದನ್ನು ಬಸಿದು ಚೆಲ್ಲುತ್ತಾರೆ. ಚೆಲ್ಲಬೇಡಿ. ಉರಿ ಜಾಸ್ತಿ ಮಾಡಿ ಅಲ್ಲೇ ಇಂಗಿಸಿ, ಇಲ್ಲವೇ ಸೂಪಿಗೆ ಸೇರಿಸಿ. ಶಿಟಾಕೆ ಅಣಬೆಯನ್ನಂತೂ ಅರೆಬೆಂದಿದ್ದನ್ನೂ ತಿನ್ನಬೇಡಿ. ಕೆಲವರಿಗೆ ಮೈಮೇಲೆ ಚಾಟಿಯಿಂದ ಹೊಡೆದ ಹಾಗೆ ಕೆಂಪು ಗೆರೆಗಳು ಏಳುತ್ತವೆ.

ಮೊದಲು ಕೇಳಿದವರಿಗೆ ಒಂದು ಮಾತು: ನೀವು ಯಾವ ಅಣಬೆ ತಿನ್ನುತ್ತೀರಿ?

ಪ್ರಶ್ನೆ ಕೇಳಿದವರು: ಬಿಳಿ ಬಟನ್ ಅಣಬೆ ಮೇಡಂ. ಕರುಳಿಗೆ ಒಳ್ಳೆಯದು ಅಂತ ಈಗೀಗ ವಾರಕ್ಕೆ ನಾಲ್ಕು ಸಲ, ದೊಡ್ಡ ಬಟ್ಟಲು ತುಂಬಾ.

ಉತ್ತರ: ಸಿಕ್ಕಿತು ನೋಡಿ! ಬಟನ್‌ನಲ್ಲಿ ಮ್ಯಾನಿಟಾಲ್ ಎಂಬ ಸಕ್ಕರೆ ಜಾತಿಯ ವಸ್ತು ಜಾಸ್ತಿ. ಕರುಳು ಸೂಕ್ಷ್ಮ ಇರುವವರಿಗೆ ಅದು ಪೂರ್ತಿ ಹೀರಿಕೆಯಾಗದೆ ಗ್ಯಾಸ್ ಆಗುತ್ತದೆ. ಎರಡು ವಾರ ಬಟನ್ ಬಿಟ್ಟು ನೋಡಿ. ಆಸೆಯಾದರೆ ಚಿಪ್ಪು ಅಣಬೆ, ಅಂದರೆ ಆಯ್ಸ್ಟರ್, ಸ್ವಲ್ಪ ತಿನ್ನಿ. ಅದರಲ್ಲಿ ಮ್ಯಾನಿಟಾಲ್ ತೀರಾ ಕಡಿಮೆ, ಎರ್ಗೋಥಿಯೋನೀನ್ ಬಟನ್‌ಗಿಂತ ಜಾಸ್ತಿ. ಕ್ಯಾಪ್ಸೂಲ್ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಈ ಕ್ಯಾಪ್ಸೂಲನ್ನು ಮುಟ್ಟಲೇಬೇಡಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ಎರಡು ವಾರ ಕಾಯಬೇಡಿ, ನಾಳೆಯೇ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವರು: ಅವು ಯಾವುದೂ ಇಲ್ಲ ಮೇಡಂ. ಆದರೆ ಫ್ರಿಜ್‌ನಲ್ಲಿ ಇನ್ನೂ ಎರಡು ಪ್ಯಾಕೆಟ್ ಬಟನ್ ಇದೆ 😅

ಉತ್ತರ: ಮನೆಯಲ್ಲಿ ಬೇರೆಯವರ ಹೊಟ್ಟೆ ಗಟ್ಟಿ ಇದ್ದರೆ ಅವರಿಗೆ ಬಡಿಸಿ!