ಕಾಕಾರ ತತ್ವಪದಕ್ಕ ಆಟೋಟ್ಯೂನ್ ಬೇಕೇನ್ರಿ?

ಕೇಳಿದವರು, ಶಹಾಪುರ:
ನಮ್ಮ ಕಾಕಾ ಭಜನಾ ಮಂಡಳಿಯೊಳಗ ತತ್ವಪದ ಹಾಡ್ತಾರ್ರಿ, ಹೆಚ್ಚಾಗಿ ಕಡಕೋಳ ಮಡಿವಾಳಪ್ಪನವರ ಪದ. ವಯಸ್ಸು ಅರವತ್ತು ದಾಟ್ಯದ. ಕಲಬುರಗಿಯಾಗ ಒಂದು ಸ್ಟುಡಿಯೋದೊಳಗ ರೆಕಾರ್ಡ್ ಮಾಡಿಸಿದ್ವಿ. ಮಿಕ್ಸ್ ಆಗಿ ಬಂದದ್ದು ಕೇಳಿದ್ರ ಆಲಾಪ ಮೆಟ್ಟಲ ಇಳಿದಂಗ ಕಟ್ ಕಟ್ ಅಂತದ. ಕಾಕಾ "ಇದು ಯಾರ ಧ್ವನಿಯೋ?" ಅಂದ್ರು. ಸ್ಟುಡಿಯೋದವ್ರು ಅಂತಾರ, ಪಿಚ್ ಕರೆಕ್ಷನ್ (ಧ್ವನಿನ ಕಂಪ್ಯೂಟರಿನಾಗ ಸ್ವರಕ್ಕ ಕೂಡಿಸೋ ಆಟೋಟ್ಯೂನ್) ತೆಗೆದ್ರ ಶ್ರುತಿ ಕೂಡಂಗಿಲ್ಲ, ಯೂಟ್ಯೂಬಿನಾಗ ಯಾರೂ ಕೇಳಂಗಿಲ್ಲ ಅಂತ. ತೆಗೆಸ್ಬೇಕೋ ಇಡ್ಬೇಕೋ? ಮಾಡಿ ನೋಡಿದವ್ರು ಹೇಳ್ರಿ.

ರೆಕಾರ್ಡಿಂಗ್ ಕೆಲಸದವ, ಕಲಬುರಗಿ:
ಮೊದಲು ಅವರ ಹತ್ರ ಏನೂ ಹಾಕದ ವೋಕಲ್ ಟ್ರ್ಯಾಕ್ ಇಸ್ಕೊಳ್ರಿ. ರಿವರ್ಬ್ (ಗುಂಯ್ ಅನ್ನೋ ಪ್ರತಿಧ್ವನಿ) ಸುದ್ದಾ ಇರಬಾರ್ದು, ರಿವರ್ಬ್ ಹಾಕಿದ ಮ್ಯಾಲ ತಿದ್ದಿದ್ರ ಹೊಲಸಾಗ್ತದ.

ಆಟೋಟ್ಯೂನಿನಾಗ ರೀಟ್ಯೂನ್ ಸ್ಪೀಡ್ ಅಂತ ಒಂದು ಗುಂಡಿ ಅದ. ಸೊನ್ನಿಗೆ ಇಟ್ರ ಸ್ವರದಿಂದ ಸ್ವರಕ್ಕ ಜಾರೋ ಹಾದಿನೇ ಉಳಿಯಂಗಿಲ್ಲ, ಧ್ವನಿ ಠಕ್ ಅಂತ ಹೋಗಿ ನಿಂದರ್ತದ. 1998ರಾಗ ಅಮೆರಿಕದ ಗಾಯಕಿ ಶೇರ್ ಅವರ ಒಂದು ಹಾಡಿನಾಗ ಬೇಕಂತಲೇ ಹಂಗ ಮಾಡಿದ್ರು, ಅಲ್ಲಿ ಅದು ಚಂದ. ತತ್ವಪದದಾಗ ಆ ಎಳೆತ, ಆ ಜಾರು ಹೋದ್ರ ಉಳಿಯೋದು ಬರೇ ಅಕ್ಷರ.

ಸ್ಕೇಲ್, ಅಂದ್ರ ಯಾವ್ಯಾವ ಸ್ವರಕ್ಕ ಕೂಡಿಸ್ಬೇಕಂತ ಸಾಫ್ಟ್‌ವೇರಿಗೆ ಹೇಳೋದು, ಅದೂ ನೋಡ್ರಿ. ಮೇಜರ್ (ಎಲ್ಲಾ ಶುದ್ಧ ಸ್ವರ) ಅಂತ ಒತ್ತಿ ಬಿಟ್ಟಿರಬಹುದು. ಪದ ಭೈರವಿ ಧಾಟಿಯಾಗಿದ್ರ ಕೋಮಲ ಸ್ವರ ಅಷ್ಟೂ ಪಕ್ಕದ ಸ್ವರಕ್ಕ ಎಳೀತದ. ಕಾಕಾರ ಷಡ್ಜ ಕಾಳಿ (ಹಾರ್ಮೋನಿಯಂನ ಕರೀ ಮನಿ) ಒಂದೋ ಎರಡೋ, ಯಾವ್ಯಾವ ಸ್ವರ ಬರ್ತಾವ, ಬರೆದು ಕೊಡ್ರಿ.

ನಾನಂತೂ ಮೆಲೋಡೈನ್ ಅನ್ನೋ ಬ್ಯಾರೆ ಸಾಫ್ಟ್‌ವೇರಿನಾಗ ಕೈಲೇ ಮಾಡ್ತೀನಿ. ಒಂದೊಂದು ಸ್ವರ ಬ್ಯಾರೆ ಬ್ಯಾರೆ ಕಾಣ್ತದ. ಷಡ್ಜ, ಪಂಚಮದ ಮ್ಯಾಲ ನಿಂತಾಗ ಇಳಿದಿದ್ರ ಅಷ್ಟೇ ತುಸು ಎತ್ತೋದು, ಉಳಿದದ್ದು ಮುಟ್ಟಂಗಿಲ್ಲ. ಟೈಮ್ ಹಿಡೀತದ, ಅದಕ್ಕ ರೊಕ್ಕ ಬ್ಯಾರೆ ಕೇಳ್ತಾರ. ಕೊಡ್ರಿ.

ಹಾರ್ಮೋನಿಯಂ ಕಲಿಸುವವರು, ಬೀದರ್:
ತಮ್ಮಾ, ಕಾಕಾ ಏಕತಾರಿ ಹಿಡಿದು ಹಾಡಿದ್ರೋ, ಕೀಬೋರ್ಡ್ ಮ್ಯಾಲೋ? ತಂತಿಗೆ ಕೂಡಿಸಿ ಹಾಡೋರ ಶುದ್ಧ ಗಾಂಧಾರ ಷಡ್ಜದಿಂದ 386 ಸೆಂಟಿನ ಹತ್ರ ನಿಲ್ತದ (ಕೀಬೋರ್ಡಿನಾಗ ಪಕ್ಕ ಪಕ್ಕದ ಎರಡು ಸ್ವರದ ಅಂತರಕ್ಕ 100 ಸೆಂಟ್ ಅಂತಾರ). ಕೀಬೋರ್ಡಿನ ಗಾಂಧಾರ 400. ಆ 14 ಸೆಂಟ್ ಕಡಿಮಿ ಇದ್ದದ್ದನ್ನ ಸಾಫ್ಟ್‌ವೇರ್ ಬೇಸೂರ್ ಅಂತ ತಿಳಿದು ಮ್ಯಾಲೆ ಎಳೀತದ. ಸೂರಿನಾಗ ಇದ್ದವ್ರನ್ನೇ ತಿದ್ದಿದಂಗಾಯ್ತು. ಹಿಂದ ಕೀಬೋರ್ಡ್ ದಪ್ಪಗ ಹರಡಿದ್ರ ಫರಕ್ ಕಿವಿಗೆ ಹೊಡೀತದ ಖರೆ. ಹಂಗಿದ್ರ ಕೀಬೋರ್ಡ್ ತೆಗೀರಿ, ಧ್ವನಿಗೆ ಯಾಕ ಕೈ ಹಚ್ತೀರಿ?

ಡಿಜೆ ಜಾನಪದ ಮಾಡಾಂವ, ಯಾದಗಿರಿ:
ನಾ ಆಟೋಟ್ಯೂನ್ ಹಾಕ್ತೀನಿ, ಜೋರಾಗೇ ಹಾಕ್ತೀನಿ, ನಮ್ಮ ಮಂದಿಗೆ ಅದೇ ಬೇಕು. ಭಜನಾಕ್ಕ ಮಾತ್ರ ನಡೆಯಂಗಿಲ್ಲಣ್ಣ. ಅದು ಒಂದು ಸಲಕ್ಕ ಒಂದೇ ಧ್ವನಿ ಹಿಡಿಯೋದು. ಹಿಮ್ಮೇಳ, ತಾಳ, ಹಾರ್ಮೋನಿಯಂ ಎಲ್ಲಾ ಕಾಕಾರ ಮೈಕಿನಾಗ ಸೋರಿದ್ರ ಯಾವುದು ಹಿಡೀಬೇಕಂತ ಅದಕ್ಕ ತಿಳಿಯಂಗಿಲ್ಲ, ಧ್ವನಿಗೆ ನಡುಕ ಬರ್ತದ. ಎಲ್ಲಾರೂ ಒಟ್ಟಿಗೆ ಕುಂತು ಹಾಡಿದ್ದಿದ್ರ ತಿದ್ದೋ ಮಾತೇ ಬಿಡ್ರಿ, ಚಲೋ ಬಂದ ಟೇಕ್ ಇಟ್ಕೊಳ್ರಿ.

ಅಂದಂಗ, ಈ ಆಟೋಟ್ಯೂನನ್ನ 1997ರಾಗ ಹೊರಗ ತಂದ ಆಂಡಿ ಹಿಲ್ಡೆಬ್ರಾಂಡ್ ಮೊದಲು ಭೂಮಿಯಾಗ ಎಣ್ಣಿ ಹುಡುಕೋರಿಗೆ ಸದ್ದಿನ ಲೆಕ್ಕ ಮಾಡ್ತಿದ್ರಂತ. ಆ ಲೆಕ್ಕ ಕಾಕಾರ ಗಂಟಲತನಾ ಬಂತು ನೋಡ್ರಿ.

ಕೇಳಿದವರು:
ಕೈಯಾಗ ಏಕತಾರಿ ಇತ್ರಿ, ಆದ್ರ ಹೆಡ್‌ಫೋನಿನಾಗ ಕೀಬೋರ್ಡ್ ಬಿಟ್ಟಿದ್ರು. ಕಾಕಾ ಒಬ್ಬರೇ ಹಾಡಿದ್ದು, ಹಿಮ್ಮೇಳ ಆಮ್ಯಾಲ ಕೂಡ್ಸಿದ್ರು.

ರೆಕಾರ್ಡಿಂಗ್ ಕೆಲಸದವ, ಕಲಬುರಗಿ:
ಗಂಟು ಅಲ್ಲೇ ಅದ. ಎರಡೂ ಕಿವಿ ಮುಚ್ಚಿದ್ರ ತಮ್ಮ ಧ್ವನಿ ತಮಗೇ ಸರಿ ಕೇಳಂಗಿಲ್ಲ, ರೂಢಿ ಇಲ್ಲದವ್ರು ಶ್ರುತಿ ಬಿಡ್ತಾರ. ತಿದ್ದೋಕಿಂತ ಇನ್ನೊಮ್ಮೆ ಹಾಡಿಸೋದೇ ಸಸ್ತಾ ಬೀಳ್ತದ. ಹೆಡ್‌ಫೋನ್ ಒಂದು ಕಿವಿಗಷ್ಟೇ ಇರಲಿ, ಬಿಟ್ಟ ಕಿವಿ ಕಡಿ ಸೌಂಡ್ ಬಂದ್ ಮಾಡಸ್ರಿ, ಇಲ್ಲಂದ್ರ ಮೈಕಿಗೆ ಸೋರ್ತದ. ಕೀಬೋರ್ಡ್ ಬ್ಯಾಡ, ಏಕತಾರಿ ಸಾಕು. ಫ್ಯಾನ್ ಆಫ್ ಮಾಡ್ಬೇಕಾಗ್ತದ, ಈ ಬಿಸಲಿನಾಗ ಕಾಕಾರಿಗೆ ತ್ರಾಸ; ಮುಂಜಾನಿ ಟೈಮ್ ಕೇಳಿ ತಗೊಳ್ರಿ.